ಎಂಟು ಕಂಠಗಳಲ್ಲಿ ಬಾಖ್

ಪಾಶ್ಚಾತ್ಯ ಸಂಗೀತವನ್ನು ಕುರಿತು ಬರೆಯಲು ನನಗೇನು ಅಧಿಕಾರವಿದೆಯೆಂದು ವಾಚಕರು ಕೇಳಬಹುದು. ಇಲ್ಲವೆಂದೇ ಹೇಳಬೇಕು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಊರಿನ ಭಜನೆಯ ಹೊರತು ಬೇರೆ ಸಂಗೀತದ ಪಾಠ ನನಗಾಗಿಲ್ಲ. ಆ ಭಜನೆಯಲ್ಲಿ ಇಪ್ಪತ್ತು ಮಂದಿ ಹಾಡಿದರೂ ಎಲ್ಲರದೂ ಒಂದೇ ಧಾಟಿ. ಹಲವು ಕಂಠಗಳು ಒಂದೇ ಹೊತ್ತಿನಲ್ಲಿ ಬೇರೆ ಬೇರೆ ಧಾಟಿಗಳನ್ನು ಹಾಡುವುದೆಂದರೇನು? ಪುಸ್ತಕದಲ್ಲಿ ಓದಿದಾಗ ಅರ್ಥವಾಗದ ಈ ವಿಷಯ ಒಂದು ಧ್ವನಿಮುದ್ರಿಕೆಯನ್ನು ಕೇಳಿದಾಗ ಅರ್ಥವಾಯಿತು.

1963ರಲ್ಲಿ ಫ್ರಾನ್ಸಿನಲ್ಲಿ ಫಿಲಿಪ್ಸ್ ಸಂಸ್ಥೆಯವರು ಹೊರತಂದ ಆ ಮುದ್ರಿಕೆಯ ಹೆಸರು ‘ಜಾಝ್ ಸೆಬಾಸ್ಟಿಯನ್ ಬಾಖ್’. ಹಾಡಿದವರು ಪ್ಯಾರಿಸಿನ ‘ಸ್ವಿಂಗಲ್ ಸಿಂಗರ್ಸ್’ ಎಂಬ ಮೇಳದವರು. ಮೇಳದ ನಾಯಕ ವಾರ್ಡ್ ಸ್ವಿಂಗಲ್ (1927–2015) ಅಮೆರಿಕದ ಅಲಬಾಮಾ ಪ್ರಾಂತದವರು. ನಾಲ್ವರು ಸ್ತ್ರೀಯರು, ನಾಲ್ವರು ಪುರುಷರು. ಇತರರ ಹಾಡುಗಳಿಗೆ ಹಿನ್ನೆಲೆಯಲ್ಲಿ ದನಿಗೂಡಿಸುವುದು ಇವರ ವೃತ್ತಿ. ಆ ಕೆಲಸದ ಬೇಸರ ಕಳೆಯಲೆಂದೂ ಕಂಠಸಾಧನೆಗೆಂದೂ, ಬಾಖ್ (1685–1750) ಬೆರಳೊತ್ತಿ ನುಡಿಸುವ ವಾದ್ಯಗಳಿಗಾಗಿ ರಚಿಸಿದ ಕೃತಿಗಳನ್ನು ಹಾಡಿ ನೋಡತೊಡಗಿದರು. ಅಭ್ಯಾಸಕ್ಕೆಂದು ಹಿಡಿದದ್ದು ಮುದ್ರಿಕೆಯಾಗಿ 1964ರಲ್ಲಿ ಎರಡು ಗ್ರ್ಯಾಮಿ ಪ್ರಶಸ್ತಿಗಳನ್ನು ತಂದಿತು.

ಇವರು ಮೂಲವನ್ನು ಎಷ್ಟು ಬದಲಾಯಿಸಿದರು? ಬರೆದ ಸ್ವರಗಳನ್ನು ಬಹುಮಟ್ಟಿಗೆ ಹಾಗೆಯೇ ಉಳಿಸಿದ್ದಾರೆ. ಸಾಹಿತ್ಯವಿಲ್ಲ, ‘ದ ಬ ದ ಬ’ ಎಂಬಂಥ ಅರ್ಥವಿಲ್ಲದ ಅಕ್ಷರಗಳೇ ಎಲ್ಲ. ತಿಲ್ಲಾನದ ಜತಿಗಳನ್ನು ಕೇಳಿದವರಿಗೆ ಇದು ವಿಚಿತ್ರವೆನಿಸದು. ಜೊತೆಗೆ ಡಬಲ್ ಬಾಸ್ ಎಂಬ ದೊಡ್ಡ ತಂತಿವಾದ್ಯ, ಮೆಲ್ಲಗೆ ಬಾರಿಸುವ ಡ್ರಮ್ಮು. ಜಾಝಿನ ನಡೆಗೆ ತಕ್ಕಂತೆ ಒಂದು ಸ್ವರವನ್ನು ಕೊಂಚ ಎಳೆದು, ಮತ್ತೊಂದನ್ನು ಕೊಂಚ ಕುಗ್ಗಿಸುತ್ತಾರೆ.

ಇದರಿಂದಾದ ಲಾಭವನ್ನು ಕಾಣಲು ಸಿ ಮೈನರ್ ಫ್ಯೂಗನ್ನು ಕೇಳಬೇಕು. ‘ವೆಲ್ ಟೆಂಪರ್ಡ್ ಕ್ಲೇವಿಯರ್’ ಎಂಬ ಸಂಕಲನದ ಮೊದಲ ಭಾಗದಲ್ಲಿರುವ ಈ ರಚನೆಯಲ್ಲಿ ಮೂರು ಎಳೆಗಳಿವೆ. ಮೊದಲು ನಡುವಣ ಕಂಠ ಒಂದು ಸಣ್ಣ ಧಾಟಿಯನ್ನು ಒಂಟಿಯಾಗಿ ಹಾಡುತ್ತದೆ. ಅದು ಮುಗಿದೊಡನೆ ಮೇಲಿನ ಕಂಠ ಅದೇ ಧಾಟಿಯನ್ನು ಪಂಚಮದಿಂದ ಎತ್ತಿಕೊಳ್ಳುತ್ತದೆ. ಆಗ ಮೊದಲನೆಯದು ಸುಮ್ಮನಾಗದೆ ಬೇರೊಂದು ಧಾಟಿಯಿಂದ ಜೊತೆಕೊಡುತ್ತದೆ. ಕೊಂಚ ಹೊತ್ತಿನ ಬಳಿಕ ಮಂದ್ರದ ಕಂಠವೂ ಮೂಲ ಧಾಟಿಯನ್ನೇ ಹಿಡಿದು ಬಂದು ಸೇರುತ್ತದೆ. ಪಿಯಾನೋದಲ್ಲಾದರೆ ಒಬ್ಬನ ಹತ್ತು ಬೆರಳುಗಳೇ ಈ ಮೂವರ ಪಾತ್ರವನ್ನೂ ವಹಿಸಬೇಕು. ಮೂರಕ್ಕೂ ಒಂದೇ ಬಗೆಯ ನಾದ. ಯಾವುದು ಎಲ್ಲಿ ಬಂತು, ಎಲ್ಲಿ ಹೋಯಿತು ಎಂಬುದು ನನ್ನಂಥವನ ಕಿವಿಗೆ ಹತ್ತದು. ಹೆಂಗಸಿನ ದನಿಗೂ ಗಂಡಸಿನ ದನಿಗೂ ಇರುವ ಅಂತರವನ್ನು ಗುರುತಿಸಲು ಮಾತ್ರ ಯಾರಿಗೂ ಪಾಠ ಬೇಕಿಲ್ಲ. ನಾಲ್ಕನೆಯ ಸಲ ಕೇಳುವ ಹೊತ್ತಿಗೆ ಮಂದ್ರದ ಕಂಠ ಯಾವಾಗ ಬರುವುದೆಂದು ನಾನು ಕಾದು ಕುಳಿತಿದ್ದೆ.

ಮಹಾಕೃತಿಗೆ ಇದು ಅಪಚಾರವೆಂದು ಆಕ್ಷೇಪಿಸುವವರಿಗೆ ಈ ಮುದ್ರಿಕೆಯೊಳಗೇ ಉತ್ತರವಿದೆ. ಇದರಲ್ಲಿ ಆರ್ಗನ್ ವಾದ್ಯದ ಒಂದು ಕೋರಾಲ್ ಇದೆ. ಅದು ಮೊದಲು ಆರ್ಗನ್ನಿಗಾಗಿ ಹುಟ್ಟಿದ್ದಲ್ಲ. 1731ರ ಕ್ಯಾಂಟಾಟಾ ಒಂದರಲ್ಲಿ ಪುರುಷಕಂಠಕ್ಕೆಂದು ಬರೆದುದನ್ನು ಬಾಖ್ ತಾನೇ ಮುಂದೆ ವಾದ್ಯಕ್ಕೆ ಅಳವಡಿಸಿದ. ಕಂಠದಿಂದ ವಾದ್ಯಕ್ಕೆ ಹೋದದ್ದನ್ನು ಈ ಎಂಟು ಮಂದಿ ಮತ್ತೆ ಕಂಠಕ್ಕೆ ತಂದರು, ಅಷ್ಟೆ.

ಜಾಝ್ ಪ್ರಿಯರ ಆಕ್ಷೇಪಣೆ ಇನ್ನೊಂದು ಬಗೆಯದು. ಜಾಝಿನ ಪ್ರಾಣವೇ ಮನೋಧರ್ಮ. ಇಲ್ಲಿಯೋ ಎಲ್ಲವೂ ಬರೆದಿಟ್ಟದ್ದು. ಇದನ್ನು ನಾನು ಅಲ್ಲಗಳೆಯಲಾರೆ. ಡ್ರಮ್ಮಿನ ನಡೆಯೂ ಹೆಚ್ಚು ಬದಲಾಗದುದರಿಂದ ಒಂದೇ ಸಮನೆ ಕೇಳಿದರೆ ಬೇಸರ ಬರುವುದುಂಟು.

ಕೇಳಬಯಸುವ ಮಿತ್ರರು ಎರಡೇ ಎಳೆಗಳಿರುವ ಸಿ ಮೇಜರ್ ಇನ್ವೆನ್ಷನ್ನಿನಿಂದ ಆರಂಭಿಸಲಿ. ಮೊದಲ ಸಲ ಮೇಲಿನ ಕಂಠವನ್ನು ಮಾತ್ರ, ಎರಡನೆಯ ಸಲ ಕೆಳಗಿನದನ್ನು ಮಾತ್ರ ಹಿಂಬಾಲಿಸಿ, ಆಮೇಲೆ ಎರಡನ್ನೂ ಕೂಡಿಸಿ ಕೇಳಲಿ. ಫ್ಯೂಗಿಗೆ ಹೋಗುವ ಮುನ್ನ ಇಷ್ಟು ಸಿದ್ಧತೆ ಸಾಕು.