ಸಹಿ ಮತ್ತು ಸ್ಥಾನ

ರಾಜ್ಯಶಾಸ್ತ್ರದ ತರಗತಿಯಲ್ಲಿ ಪಂಚಾಯತ ರಾಜ್ಯದ ಪಾಠ ನಡೆದಾಗಲೆಲ್ಲ ನನಗೆ ನಮ್ಮ ಅವ್ವನ ನೆನಪಾಗುತ್ತದೆ. ಆಕೆ ಹಿರೇಕೆರೂರು ತಾಲೂಕಿನ ಒಂದು ಹಳ್ಳಿಯಲ್ಲಿ 2020ರ ಡಿಸೆಂಬರದಲ್ಲಿ ಮಹಿಳಾ ಮೀಸಲು ಸ್ಥಾನದಿಂದ ಆರಿಸಿ ಬಂದವಳು. ಮೊದಮೊದಲು ಸಭೆಗೆ ಹೋಗುತ್ತಿದ್ದವರು ಅಪ್ಪ. ಠರಾವಿನ ಪುಸ್ತಕ ಮಾತ್ರ ಸಹಿಗಾಗಿ ಮನೆಗೆ ಬರುತ್ತಿತ್ತು. ಸ್ಥಾನ ಒಬ್ಬರದು, ಕುಳಿತವರು ಇನ್ನೊಬ್ಬರು! ಇದೇಕೆ ಹೀಗಾಗುತ್ತದೆಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಹೆಣ್ಣಿನ ಆಡಳಿತ ನಮ್ಮ ಸೀಮೆಗೆ ಹೊಸದಲ್ಲ. 11ನೆಯ ಶತಮಾನದಲ್ಲಿ ಚಾಲುಕ್ಯ ಜಯಸಿಂಹನ ಸಹೋದರಿ ಅಕ್ಕಾದೇವಿಯು ನಾಡುಗಳನ್ನಾಳಿದಳು, ಗೋಕಾಗೆಯ ಕೋಟೆಗೆ ಮುತ್ತಿಗೆ ಹಾಕಿದಳು. ಆಕೆ ಹಾನಗಲ್ಲ ಕದಂಬರ ಸೊಸೆ. ಆದರೆ ಅದು ಅರಮನೆಯ ಮಾತಾಯಿತು, ಒಕ್ಕಲಗಿತ್ತಿಯ ಮಾತಲ್ಲ. ಸವಣೂರು 1948ರ ವರೆಗೆ ನವಾಬರ ಸಂಸ್ಥಾನವಾಗಿತ್ತು. ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರುಗಳು ಮುಂಬಯಿ ಪ್ರಾಂತದಲ್ಲಿದ್ದವು. 1951-52ರ ಮೊದಲ ಮಹಾಚುನಾವಣೆಯಲ್ಲಿಯೇ ಈ ನಾಲ್ಕೂ ಕಡೆಯ ಹೆಂಗಸರಿಗೆ ಗಂಡಸರೊಡನೆ ಸಮಾನವಾದ ಮತ ದೊರೆಯಿತು.

ಮತ ಬಂದರೂ ಅಧಿಕಾರ ಬರಲು ತಡವಾಯಿತು. ಕರ್ನಾಟಕವು 1983ರ ಕಾಯದೆಯಿಂದ ಪಂಚಾಯತಗಳಲ್ಲಿ ಮಹಿಳೆಯರಿಗೆ ಶೇಕಡಾ 25ರಷ್ಟು ಸ್ಥಾನಗಳನ್ನಿಟ್ಟು 1987ರಲ್ಲಿ ಚುನಾವಣೆ ನಡೆಸಿತು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿ ಮೂರರಲ್ಲೊಂದು ಪಾಲನ್ನು ದೇಶಕ್ಕೆಲ್ಲ ಕಡ್ಡಾಯ ಮಾಡಿತು. 2010ರಲ್ಲಿ ನಮ್ಮ ರಾಜ್ಯವು ಅದನ್ನು ಅರ್ಧಕ್ಕೇರಿಸಿತು. ಮೀಸಲಾತಿಯಿಲ್ಲದೆಡೆ ಏನಾಯಿತು? 2023ರ ವಿಧಾನಸಭಾ ಚುನಾವಣೆಯಲ್ಲಿ 224 ಕ್ಷೇತ್ರಗಳಿಂದ ಗೆದ್ದ ಮಹಿಳೆಯರು ಹತ್ತೇ ಮಂದಿ. ಹಾವೇರಿ ಜಿಲ್ಲೆಯ ಆರು ಕ್ಷೇತ್ರಗಳಿಂದ ಒಬ್ಬರೂ ಇಲ್ಲ.

ಹಾಗಾದರೆ ಮೀಸಲಾತಿಯೊಂದೇ ಸಾಕೇ? ಸಾಲದು. ಸದಸ್ಯೆಯ ಬದಲು ಗಂಡ ಕುಳಿತುಕೊಳ್ಳಲು ಕಾಯದೆಯಲ್ಲಿ ಎಡೆಯಿಲ್ಲ, ರೂಢಿಯಲ್ಲುಂಟು. ನನಗೆ ತೋಚುವ ಕಾರಣಗಳು ಮೂರು. ಸಭೆಯ ಹೊತ್ತಿಗೆ ಆಕೆ ಹೊಲದಲ್ಲಿರುತ್ತಾಳೆ, ಇಲ್ಲವೆ ಒಲೆಯ ಮುಂದಿರುತ್ತಾಳೆ. ಠರಾವಿನ ಕಚೇರಿಗನ್ನಡ ಆಕೆಗೆ ಅರ್ಥವಾಗದು. ಕೆಲಸ ಕಲಿಯುವಷ್ಟರಲ್ಲಿ ಮೀಸಲು ಸ್ಥಾನ ಬೇರೆಡೆಗೆ ಸರದಿ ಹೋಗುತ್ತದೆ.

ಒಂದು ಸಂಜೆ ಅವ್ವ ಪುಸ್ತಕವನ್ನು ನನ್ನ ಮುಂದಿಟ್ಟು, "ಏನ್ ಬರದಾರ, ಓದು" ಎಂದಳು. ಆಗ ನಾನು ಹತ್ತನೆಯ ಇಯತ್ತೆಯಲ್ಲಿದ್ದೆ. ಸದಸ್ಯೆ ಹಾಜರಿದ್ದು ಸಮ್ಮತಿಸಿದ್ದಾಗಿಯೂ, ನಮ್ಮ ಓಣಿಯ ಗಟಾರದ ದುರಸ್ತಿ ಮುಗಿದಿದ್ದಾಗಿಯೂ ಬರೆದಿತ್ತು. ಗಟಾರವೋ ನಮ್ಮ ಬಾಗಿಲ ಮುಂದೆಯೇ ನಾರುತ್ತಿತ್ತು. "ನಾ ಹೋಗದ ಸಭಾಕ್ಕ ನನ್ನ ಸಹಿ ಯಾಕ?" ಎಂದು ಪುಸ್ತಕವನ್ನು ಹಿಂದಕ್ಕೆ ಕಳಿಸಿದಳು. ಅಪ್ಪ ಎರಡು ದಿನ ಮಾತು ಬಿಟ್ಟರು. ಮುಂದಿನ ಸಭೆಗೆ ಅವ್ವ ತಾನೇ ಹೋದಳು. ಬಾಗಿಲ ಬದಿಯ ಕುರ್ಚಿಯಲ್ಲಿ ಕುಳಿತು ಗಟಾರದ ಮಾತೆತ್ತಿದಳು. ದುರಸ್ತಿಗೆ ಎಂಟು ತಿಂಗಳು ಹಿಡಿಯಿತು, ಆದರೆ ಆಯಿತು.

ಇಲ್ಲಿ ನನ್ನ ತಪ್ಪನ್ನೂ ಹೇಳಬೇಕು. ಚುನಾವಣೆಯ ಮುಂಚೆ ಆಕೆಗೆ ಸಹಿ ಮಾಡಲು ಕಲಿಸಿದವಳು ನಾನೇ. ಓದಲು ಕಲಿಸಬೇಕೆಂದು ಮಾತ್ರ ನನಗೆ ಹೊಳೆದಿರಲಿಲ್ಲ. ಸಹಿ ಸಾಕೆಂದು ಊರು ತಿಳಿದಂತೆಯೇ ನಾನೂ ತಿಳಿದಿದ್ದೆ.

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳಿಂದ ಬಸ್ಸು ಹಿಡಿದು ಬರುವ ಸಹಪಾಠಿಗಳೇ, ನಮ್ಮಲ್ಲಿ ಅನೇಕರು ಮನೆತನದಲ್ಲಿ ಮೊದಲ ಪದವೀಧರರಾಗಲಿದ್ದೇವೆ. ನಮ್ಮೂರಿನ ಸದಸ್ಯೆಯ ಪಕ್ಕದಲ್ಲಿ ಕುಳಿತು ಒಂದು ಠರಾವನ್ನಾದರೂ ಓದಿ ಹೇಳೋಣ. ಹಾಗೆಯೇ ಓದಲು ಕಲಿಸೋಣ. ಅವ್ವ ಈಗ ಅಕ್ಷರ ಕೂಡಿಸಿ ಓದುತ್ತಾಳೆ. ಈ ಸಂಚಿಕೆ ಅಚ್ಚಾಗಿ ಬಂದಾಗ ಮೊದಲು ಆಕೆಯ ಕೈಗೇ ಕೊಡುವವಳಿದ್ದೇನೆ.