ಮೊದಲ ಎರಡು ವಾರ: ಕೇರಳಕ್ಕೆ ಹೊರಟ ಯುವ ಶಿಕ್ಷಕಿಗೆ ಪತ್ರ

ಕರ್ನಾಟಕದಿಂದ ಹೊರಟು ಕೊಚ್ಚಿ ಅಥವಾ ತಿರುವನಂತಪುರದ ಶಾಲೆಯೊಂದರಲ್ಲಿ ಮೊದಲ ಸಲ ಹಾಜರಿ ಪುಸ್ತಕ ಹಿಡಿಯಲಿರುವ ಯುವ ಶಿಕ್ಷಕಿಗೆ ಆಶೀರ್ವಾದಗಳು.

ತರಗತಿಯೊಳಗೆ ಬರುವುದು, ಚೀಲ ಇಡುವುದು, ನೀರಿಗೆ ಹೋಗಲು ಕೇಳುವುದು, ಬರೆದ ಪುಸ್ತಕ ಒಪ್ಪಿಸುವುದು ಮುಂತಾಗಿ ದಿನವೂ ಮರುಕಳಿಸುವ ಸಣ್ಣ ಕೆಲಸಗಳಿಗೆ ಶಿಕ್ಷಕರೂ ಮಕ್ಕಳೂ ಒಪ್ಪಿಕೊಂಡ ಒಂದು ರೀತಿ ಇರುತ್ತದೆ. ಅದನ್ನು ಇಲ್ಲಿ ತರಗತಿಯ ಕ್ರಮ ಎಂದು ಕರೆಯಲಾಗಿದೆ. ಕ್ರಮ ಬೇರೆ, ನಿಯಮ ಬೇರೆ. ನಿಯಮ ಮೀರಿದಾಗ ತಪ್ಪು, ದಂಡನೆ ಎಂಬ ಮಾತು ಬರುತ್ತದೆ; ಕ್ರಮ ತಪ್ಪಿದಾಗ ಮಗುವಿಗೆ ಅದಿನ್ನೂ ಬಂದಿಲ್ಲವೆಂದಷ್ಟೇ ತಿಳಿದು ಮತ್ತೊಮ್ಮೆ ಮಾಡಿಸಬೇಕಾಗುತ್ತದೆ. ಅಮೆರಿಕದ ಎಮರ್, ಎವರ್ಟ್‌ಸನ್ ಮತ್ತು ಆಂಡರ್ಸನ್ ಎಂಬ ಸಂಶೋಧಕರು ಮೂರನೆಯ ತರಗತಿಯ ಶಿಕ್ಷಕರನ್ನು ವರ್ಷಾರಂಭದಿಂದಲೇ ಗಮನಿಸಿ 1980ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ ಇದೇ ಕಂಡುಬಂದಿತು: ವರ್ಷವಿಡೀ ತರಗತಿಯನ್ನು ಸಲೀಸಾಗಿ ನಡೆಸಿದವರು ಮೊದಲ ವಾರಗಳಲ್ಲಿ ಇಂತಹ ಕ್ರಮಗಳನ್ನು ಬರಿಯ ಸೂಚನೆಯಾಗಿ ಓದಿ ಹೇಳದೆ, ಗಣಿತದ ಪಾಠದಂತೆಯೇ ವಿವರಿಸಿ, ಅಭ್ಯಾಸ ಮಾಡಿಸಿ ಕಲಿಸಿದವರಾಗಿದ್ದರು. ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುವ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮಿನ ನಂತರ, ಬೆತ್ತ ಕೆಳಗಿಟ್ಟ ಕೈಯಲ್ಲಿ ಏನನ್ನು ಹಿಡಿಯಬೇಕೆಂದು ಕೇಳುವ ಹಳಬರಿಗೂ ಇದೇ ಉತ್ತರ.

ಕೇರಳದ ಸರ್ಕಾರಿ ಶಾಲೆಗಳು ಸಾಮಾನ್ಯವಾಗಿ ಜೂನ್ ಮೊದಲ ದಿನಗಳಲ್ಲಿ, ಮುಂಗಾರಿನ ಜೊತೆಜೊತೆಗೇ, ಪ್ರವೇಶೋತ್ಸವವೆಂಬ ಹಬ್ಬದೊಂದಿಗೆ ಬಾಗಿಲು ತೆರೆಯುತ್ತವೆ. ಅದರ ರಾಜ್ಯಮಟ್ಟದ ಸಮಾರಂಭ 2023ರಲ್ಲಿ ತಿರುವನಂತಪುರದ ಮಲಯಿನ್‌ಕೀಳಿನಲ್ಲಿಯೂ 2024ರಲ್ಲಿ ಕೊಚ್ಚಿಯ ಎಳಮಕ್ಕರದಲ್ಲಿಯೂ ನಡೆಯಿತು. ಬಲೂನು, ತೋರಣ, ಹಾಡುಗಳಲ್ಲಿ ಮೊದಲ ದಿನ ಕಳೆದುಹೋಗುವುದು ಸಹಜ, ಹೋಗಲಿ. ಕ್ರಮದ ಪಾಠ ಆರಂಭವಾಗಬೇಕಾದುದು ಎರಡನೆಯ ದಿನ, ಅದೂ ಬಹುಮಟ್ಟಿಗೆ ಕೊಡೆಯಿಂದ. ನಲವತ್ತು ಮಕ್ಕಳು ನಲವತ್ತು ಒದ್ದೆ ಕೊಡೆಗಳೊಂದಿಗೆ ಒಟ್ಟಿಗೆ ಒಳನುಗ್ಗಿದರೆ ನೆಲ ಜಾರುತ್ತದೆ, ಪುಸ್ತಕ ನೆನೆಯುತ್ತದೆ, ಸಂಜೆ ಒಂದೇ ಬಣ್ಣದ ಎರಡು ಕೊಡೆಗಳಿಗಾಗಿ ಜಗಳವಾಗುತ್ತದೆ. ಆದುದರಿಂದ ವರಾಂಡದ ಅಂಚಿನಲ್ಲಿ ನಿಂತು ಕೊಡೆಯನ್ನು ಹೊರಗೆ ಚಾಚಿ ಕೊಡವುವುದು, ಮಡಚಿ ಪಟ್ಟಿ ಬಿಗಿಯುವುದು, ಹಿಡಿಗೆ ಹೆಸರಿನ ಚೀಟಿ ಕಟ್ಟುವುದು, ತನ್ನ ಸಾಲಿಗೆ ಗೊತ್ತುಮಾಡಿದ ಹಗ್ಗಕ್ಕೆ ತೂಗುಹಾಕುವುದು, ಕಾಲೊರೆಸಿ ಒಳಗೆ ಬರುವುದು, ಇಷ್ಟನ್ನೂ ಶಿಕ್ಷಕಿ ಮೊದಲು ತಾನೇ ಮಾಡಿ ತೋರಿಸಬೇಕು. ಬಳಿಕ ನಾಲ್ವರಿಂದ ಮಾಡಿಸಿ, ಉಳಿದವರು ಅದರಲ್ಲಿ ಬಿಟ್ಟುಹೋದುದನ್ನು ಹೇಳಿದ ಮೇಲೆ, ಇಡೀ ತರಗತಿಯಿಂದ ಮಾಡಿಸಬೇಕು. ಮೂರನೆಯ ದಿನ ಅರ್ಧ ತರಗತಿ ಮರೆತಿರುತ್ತದೆ. ಆಗ ಗದರದೆ ಎಲ್ಲರನ್ನೂ ವರಾಂಡಕ್ಕೆ ಮರಳಿ ಕರೆದೊಯ್ದು ಮತ್ತೆ ಮಾಡಿಸುವ ತಾಳ್ಮೆಯಿದ್ದರೆ ಎರಡನೆಯ ವಾರದ ಹೊತ್ತಿಗೆ ಅದು ರೂಢಿಯಾಗುತ್ತದೆ, ಅಂದರೆ ಹೇಳದೆಯೂ ನಡೆಯುತ್ತದೆ.

2025ರ ಜೂನ್‌ನಲ್ಲಿ ಕೇರಳದ ಶಿಕ್ಷಣ ಇಲಾಖೆಯು ಮೊದಲ ಎರಡು ವಾರ ದಿನಕ್ಕೊಂದು ಗಂಟೆಯನ್ನು ಪಠ್ಯದಿಂದ ಬಿಡಿಸಿ ಮಾದಕ ವಸ್ತುಗಳ ಅಪಾಯ, ರಸ್ತೆ ಸಂಚಾರ, ಶುಚಿತ್ವ, ಮೊಬೈಲ್ ಬಳಕೆಯ ಶಿಸ್ತು ಮೊದಲಾದ ವಿಷಯಗಳಿಗೆ ಕೊಟ್ಟಿತು. ಆರಂಭದ ಹೊತ್ತಿಗೆ ಬೆಲೆಯಿದೆಯೆಂದು ಸರ್ಕಾರವೇ ಒಪ್ಪಿದ್ದು ದೊಡ್ಡ ಮಾತು. ಆದರೆ ಶುಚಿತ್ವದ ಮೇಲಿನ ಭಾಷಣವನ್ನು ಕೇಳಿದ ಮಗು ಊಟದ ತಟ್ಟೆಯನ್ನು ಎಲ್ಲಿ ತೊಳೆದು ಎಲ್ಲಿ ಬೋರಲು ಹಾಕಬೇಕೆಂಬುದನ್ನು ಅದರಿಂದಲೇ ಕಲಿಯುವುದಿಲ್ಲ. ಅದನ್ನು ನಲ್ಲಿಯ ಬಳಿ ನಿಲ್ಲಿಸಿಯೇ ಕಲಿಸಬೇಕು.

ಭಾಷೆಯ ತೊಡಕು ಇಲ್ಲಿ ಎರಡು ಪಟ್ಟು. ಶಿಕ್ಷಕಿಯ ಮಲಯಾಳ ಇನ್ನೂ ಎಳಸು. ಎರ್ಣಾಕುಳಂ ಜಿಲ್ಲೆಯ ಎಷ್ಟೋ ತರಗತಿಗಳಲ್ಲಿ ಮಲಯಾಳವೇ ಮನೆಮಾತಲ್ಲದ ವಲಸೆ ಕಾರ್ಮಿಕರ ಮಕ್ಕಳೂ ಇರುತ್ತಾರೆ. ಅವರಿಗಾಗಿ ಜಿಲ್ಲಾಡಳಿತ 2017ರಲ್ಲಿ ಆರಂಭಿಸಿದ ‘ರೋಶ್ನಿ’ ಯೋಜನೆಯು, ಮಗುವಿನ ಮಾತಿನಲ್ಲಿ ತೊಡಗಿ ಹಂತಹಂತವಾಗಿ ಮಲಯಾಳಕ್ಕೆ ದಾಟಿಸುವ ವಿಧಾನವನ್ನು ಬಿನಾನಿಪುರದ ಸರ್ಕಾರಿ ಶಾಲೆಯಲ್ಲಿ ಮೊದಲು ಪ್ರಯೋಗಿಸಿತು. ಕ್ರಮಗಳ ಮಟ್ಟಿಗೆ ಹೇಳುವುದಾದರೆ, ಕೈಸನ್ನೆ ಮತ್ತು ಗೋಡೆಯ ಮೇಲಿನ ಚಿತ್ರಪಟ್ಟಿ ಎಲ್ಲ ಮನೆಮಾತುಗಳ ಮಕ್ಕಳಿಗೂ ಒಂದೇ ಸಮನಾಗಿ ತಿಳಿಯುತ್ತವೆ. ಎತ್ತಿದ ಕೈ ನೋಡಿ ಸುಮ್ಮನಾಗುವುದಕ್ಕೆ ಯಾವ ವ್ಯಾಕರಣವೂ ಬೇಡ. ಕರೆಯುವ ರೀತಿಯೂ ಕ್ರಮದೊಳಗೇ ಸೇರುತ್ತದೆ: ಗಂಡು ಹೆಣ್ಣೆಂಬ ಭೇದವಿಲ್ಲದೆ ಎಲ್ಲ ಶಿಕ್ಷಕರನ್ನೂ ‘ಟೀಚರ್’ ಎಂದೇ ಕರೆಯುವಂತೆ ಕೇರಳದ ಮಕ್ಕಳ ಹಕ್ಕುಗಳ ಆಯೋಗವು 2023ರ ಜನವರಿಯಲ್ಲಿ ಸೂಚಿಸಿತ್ತು, ‘ಮೇಡಂ’ ಅಭ್ಯಾಸವಾಗಿರುವ ಕನ್ನಡದ ಶಿಕ್ಷಕಿ ಇದಕ್ಕೆ ಬೇಗನೆ ಒಗ್ಗಿಕೊಳ್ಳುವುದು ಒಳ್ಳೆಯದು.

ಕೂರುವ ಜಾಗದ ವಿಚಾರ ಈಚೆಗೆ ಕೇರಳದಲ್ಲಿ ಸುದ್ದಿಯಾಯಿತು. 2024ರ ‘ಸ್ಥಾನಾರ್ಥಿ ಶ್ರೀಕುಟ್ಟನ್’ ಎಂಬ ಮಲಯಾಳ ಚಿತ್ರವನ್ನು ನೋಡಿ, ಕೊಲ್ಲಂ ಜಿಲ್ಲೆಯ ವಾಳಕದ ಶಾಲೆಯೂ ಸೇರಿದಂತೆ ಕೆಲವು ಶಾಲೆಗಳು ಹಿಂದಿನ ಬೆಂಚೆಂಬುದೇ ಇರದಂತೆ ಬೆಂಚುಗಳನ್ನು ಅರ್ಧವೃತ್ತವಾಗಿ ಜೋಡಿಸಿದವು. ಆಶಯ ಮೆಚ್ಚತಕ್ಕದ್ದೇ. ಆದರೆ ಇಕ್ಕಟ್ಟಾದ ಕೋಣೆಯಲ್ಲಿ ನಲವತ್ತು ಮಕ್ಕಳನ್ನು ಹಾಗೆ ಕೂರಿಸಿದರೆ ಪಕ್ಕದಲ್ಲಿರುವವರು ದಿನವೆಲ್ಲ ಕತ್ತು ತಿರುಗಿಸಿಯೇ ಕಪ್ಪು ಹಲಗೆ ನೋಡಬೇಕಾಗುತ್ತದೆ. ಅಂತಹ ಕಡೆ ಪ್ರತಿ ಸೋಮವಾರ ಸಾಲು ಬದಲಾಗುವ ಕ್ರಮವೊಂದನ್ನು ಕಲಿಸಿದರೂ ಆ ಆಶಯ ಬಹುಪಾಲು ಕೈಗೂಡುತ್ತದೆ.

ನೇಮಕಾತಿ ಕೇಂದ್ರೀಯ ವಿದ್ಯಾಲಯಕ್ಕಾಗಿದ್ದರೆ ಲೆಕ್ಕ ಕೊಂಚ ಬೇರೆ. ಅಲ್ಲಿ ಶೈಕ್ಷಣಿಕ ವರ್ಷ ಏಪ್ರಿಲ್‌ನಲ್ಲಿ ತೊಡಗಿ ನಡುವೆ ಬೇಸಿಗೆ ರಜೆ ಬರುವುದರಿಂದ ಕ್ರಮಗಳನ್ನು ಎರಡು ಸಲ ಕಲಿಸಬೇಕಾಗುತ್ತದೆ. ಸೆಖೆಯಲ್ಲಿ ಕಲಿತ ತರಗತಿಗೆ ಮಳೆಯ ಕ್ರಮಗಳು ಹೊಸವೇ. ಓಣಂ ರಜೆಯ ಮರುದಿನವೂ ಮೊದಲ ಪೀರಿಯಡ್ಡನ್ನು ಇದಕ್ಕೇ ಮೀಸಲಿಡುವುದು ಲೇಸು. ಕೊಚ್ಚಿಯ ನೌಕಾನೆಲೆಯ ವಿದ್ಯಾಲಯಗಳಲ್ಲಂತೂ ತಂದೆ ತಾಯಿಯ ವರ್ಗಾವಣೆಯಿಂದಾಗಿ ವರ್ಷದ ನಡುವೆ ಹೊಸ ಮಗು ಬಂದು ಸೇರುವುದುಂಟು. ಆ ಮಗುವಿಗೆ ಕ್ರಮಗಳನ್ನು ಕಲಿಸುವ ಕೆಲಸವನ್ನು ಶಿಕ್ಷಕಿ ತಾನೇ ಹೊತ್ತುಕೊಳ್ಳದೆ, ಜೂನ್‌ನಲ್ಲಿ ಅತಿ ಹೆಚ್ಚು ಸಲ ಮರೆತು ವರಾಂಡಕ್ಕೆ ಮರಳಿ ಹೋಗಿ ಬಂದ ಮಗುವಿಗೆ ಒಪ್ಪಿಸುವುದು ಸರಿ. ಯಾವ ಹಂತದಲ್ಲಿ ಮರೆವಾಗುತ್ತದೆಂಬುದು ಆ ಮಗುವಿಗೆ ಚೆನ್ನಾಗಿ ಗೊತ್ತಿರುತ್ತದೆ.

ಇಂತು,
ಹಿರಿಯ ಶಿಕ್ಷಕರೊಬ್ಬರು