ಅಂಕ ಕೊಟ್ಟವರ ಲೆಕ್ಕ ಕೇಳಿದವರು

ಸಂಶೋಧನೆಗೆ ದುಡ್ಡು ಬೇಕೆಂದು ನಾವು ಅರ್ಜಿ ಹಾಕಿದರೆ ಅದನ್ನು ಓದಿ ಅಂಕ ಕೊಡುವವರು ಅದೇ ಕ್ಷೇತ್ರದ ಬೇರೆ ಸಂಶೋಧಕರು. ಜರ್ನಲ್‌ಗೆ ಪೇಪರ್ ಕಳಿಸಿದರೂ ಓದುವವರು ಅಂಥವರೇ. ಇದನ್ನೇ ಪಿಯರ್ ರಿವ್ಯೂ ಅಂತೀವಿ. ಆದರೆ ಆ ತೀರ್ಪುಗಾರರನ್ನು ಪರೀಕ್ಷಿಸೋರು ಯಾರು? ಸ್ವೀಡನ್‌ನಲ್ಲಿ ಒಮ್ಮೆ ಇಬ್ಬರು ಆ ಕೆಲಸ ಮಾಡಿದರು.

1995ರಲ್ಲಿ ಇಲ್ಲಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಪೋಸ್ಟ್‌ಡಾಕ್ ಫೆಲೋಶಿಪ್‌ಗೆ 114 ಅರ್ಜಿ ಬಂದಿದ್ದವು. ಗಂಡಸರದ್ದು 62, ಹೆಂಗಸರದ್ದು 52. ಆಯ್ಕೆಯಾದ 20 ಜನರಲ್ಲಿ ಹೆಂಗಸರು ನಾಲ್ಕೇ ನಾಲ್ಕು. ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದ ಕ್ರಿಸ್ಟೀನ್ ವೆನ್ನೆರೋಸ್ ಮತ್ತು ಆಗ್ನೆಸ್ ವೋಲ್ಡ್ ಅಂಕಪಟ್ಟಿ ಕೇಳಿದರು. ಅದು ಸಾರ್ವಜನಿಕ ದಾಖಲೆಯಲ್ಲ ಎಂದು ಮಂಡಳಿ ಕೊಡಲಿಲ್ಲ. ಮೇಲ್ಮನವಿ ನ್ಯಾಯಾಲಯ ಕೊಡಿ ಎಂದಿತು. ಇಲ್ಲಿ ಸರ್ಕಾರಿ ಕಾಗದ ನೋಡುವ ಹಕ್ಕು 1766ರ ಕಾನೂನಿನಷ್ಟು ಹಳೆಯದು. (ನಮ್ಮ ಆರ್‌ಟಿಐ ಬಂದದ್ದು 2005ರಲ್ಲಿ!)

ಅಭ್ಯರ್ಥಿಯ ಸಾಮರ್ಥ್ಯ, ವಿಷಯದ ಮಹತ್ವ, ವಿಧಾನ ಈ ಮೂರಕ್ಕೂ 0ರಿಂದ 4ರವರೆಗೆ ಅಂಕ. ಮೂರನ್ನೂ ಕೂಡಿಸುತ್ತಿರಲಿಲ್ಲ, ಗುಣಿಸುತ್ತಿದ್ದರು. ಮೂರರಲ್ಲೂ 3 ಬಂದರೆ 27. ಒಂದರಲ್ಲಿ 2 ಆದರೂ ಸಾಕು, 18ಕ್ಕೆ ಇಳೀತು. ಸಣ್ಣ ವ್ಯತ್ಯಾಸವೂ ದೊಡ್ಡದಾಗೋದು ಹೀಗೆ. ಸಾಮರ್ಥ್ಯದಲ್ಲಿ ಗಂಡಸರ ಸರಾಸರಿ 2.46, ಹೆಂಗಸರದ್ದು 2.21.

ಹೆಂಗಸರ ಪೇಪರ್ ಕಡಿಮೆ ಇದ್ದಿರಬೇಕು ಅನ್ನೋ ಉತ್ತರ ಎಲ್ಲರ ಬಾಯಲ್ಲೂ ಸಿದ್ಧ. ಅವರು ಅದನ್ನೂ ಲೆಕ್ಕ ಹಾಕಿದರು. ಪ್ರತಿ ಪೇಪರಿಗೂ ಅದು ಬಂದ ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ ಪ್ರಕಾರ ತೂಕ ಕೊಟ್ಟು ನೋಡಿದರೆ, 100 ದಾಟಿದ ಹೆಂಗಸರಿಗೆ ಸಿಕ್ಕಿದ್ದು 20ಕ್ಕಿಂತ ಕಡಿಮೆ ಇದ್ದ ಗಂಡಸರಷ್ಟೇ ಅಂಕ! ಸಮಾನ ಅಂಕಕ್ಕೆ ಹೆಂಗಸರು ಸುಮಾರು ಎರಡೂವರೆ ಪಟ್ಟು ಸಾಧಿಸಿರಬೇಕಿತ್ತು. ಇದು 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು.

ಆ ಲೇಖನದ ಇನ್ನೊಂದು ಫಲಿತಾಂಶ ಅಷ್ಟಾಗಿ ಚರ್ಚೆಗೆ ಬರಲ್ಲ. ಸಮಿತಿಯ ಸದಸ್ಯರೊಬ್ಬರ ಜೊತೆ ನಂಟಿದ್ದ ಅಭ್ಯರ್ಥಿಗೆ ಆ ಸದಸ್ಯರು ಅಂಕ ಕೊಡುವಂತಿರಲಿಲ್ಲ. ಆದರೂ ಉಳಿದವರು ಅಂಥವರಿಗೆ ಹೆಚ್ಚು ಕೊಟ್ಟಿದ್ದರು. ಇಲ್ಲಿನ ಯಾವ ಸಮಿತಿಯಲ್ಲೂ ಗುರುಗಳಿಲ್ಲದ ನಮ್ಮಂಥವರಿಗೆ ಇದು ಹೆಚ್ಚು ತಟ್ಟಬೇಕಾದ ಮಾತು.

ಆ ಮಂಡಳಿಯ ಕೆಲಸ 2001ರಿಂದ ‘ವೇತೆನ್‌ಸ್ಕಾಪ್ಸ್‌ರೋದೆತ್’ ಸಂಸ್ಥೆಯದ್ದು. ಅಲ್ಲಾಗಲಿ ಸರ್ಕಾರಿ ವಿಶ್ವವಿದ್ಯಾಲಯದಲ್ಲಾಗಲಿ ನಮ್ಮ ಅರ್ಜಿ ಬಿದ್ದುಹೋದರೆ, ‘ರೆಜಿಸ್ಟ್ರಾತೋರ್’ಗೆ ಒಂದು ಮೇಲ್ ಹಾಕಿ ಮೌಲ್ಯಮಾಪನದ ದಾಖಲೆ ಕೇಳಬಹುದು. ಯಾಕೆ ಬೇಕು ಅಂತ ಸಾಮಾನ್ಯವಾಗಿ ಹೇಳಬೇಕಿಲ್ಲ. ಗೌಪ್ಯವೆಂದು ಕೊಡದಿದ್ದರೆ ಲಿಖಿತ ನಿರ್ಧಾರ ಕೇಳಿ. ಅದಿದ್ದರೆ ಮೇಲ್ಮನವಿ ಹಾಕಬಹುದು.